ನೆಲ ಯಾರದ್ದು ಅಂತ ಮೊದಲು ಕೇಳು

ಅಕ್ಕ ಅಂತ ಕರೆದು ಬರೆದಿದ್ದೀಯ. ಹಾಗಾಗಿ ನಾನೂ ನೀನು ಅಂತಲೇ ಬರೆಯುತ್ತೇನೆ. ನಿನ್ನ ಗಂಡನಿಗೆ ಪೆಸಿಫಿಕ್ ಸಾಗರದ ವನುವಾಟು ದೇಶದ ಟನ್ನಾ ದ್ವೀಪದಲ್ಲಿ ಎರಡು ವರ್ಷದ ಕೆಲಸ ಸಿಕ್ಕಿದೆ, ಜೊತೆಗೆ ಆರು ವರ್ಷದ ಮಗಳಿದ್ದಾಳೆ. ಜ್ವಾಲಾಮುಖಿ ಪಕ್ಕ ಹೇಗೆ ಬದುಕುತ್ತೀರಿ, ಜನ ಹೇಗೆ, ಏನೇನು ತರಬೇಕು ಅಂತ ಕೇಳಿದ್ದೀಯ. ನಾನು ಬಂದು ಹದಿನಾಲ್ಕು ವರ್ಷ ಆಯ್ತು. ಕಂಡಿದ್ದನ್ನು ಹೇಳುತ್ತೇನೆ.

ದ್ವೀಪದ ಉದ್ದ ಸುಮಾರು 40 ಕಿ.ಮೀ., ಅಗಲ ಅದರ ಅರ್ಧದಷ್ಟು. ಜನ ಸುಮಾರು 30 ಸಾವಿರ. ಸಂತೆ, ಆಸ್ಪತ್ರೆ, ವಿಮಾನ ಇಳಿಯುವ ಜಾಗ ಎಲ್ಲ ಪಶ್ಚಿಮದಲ್ಲಿ, ಲೆನಾಕೆಲ್ ಆಸುಪಾಸಿನಲ್ಲಿ. ಯಾಸುರ್ ಜ್ವಾಲಾಮುಖಿ ಪೂರ್ವದ ಕಡೆ. ಎತ್ತರ ಬರೀ 361 ಮೀಟರ್. 1774ರಲ್ಲಿ ಇಂಗ್ಲಿಷ್ ನಾವಿಕ ಕ್ಯಾಪ್ಟನ್ ಕುಕ್ ಅದರ ಬೆಳಕಿನ ಜಾಡು ಹಿಡಿದೇ ಇಲ್ಲಿಗೆ ಬಂದ. ಆಗ ಉಗುಳುತ್ತಿತ್ತು, ಈಗಲೂ ಉಗುಳುತ್ತಿದೆ.

ಬೆಂಕಿ ನೋಡಿ ಹೆದರಬೇಡ, ಬೂದಿಯ ಮೇಲೆ ಕಣ್ಣಿಡು. ವರ್ಷದ ಜಾಸ್ತಿ ದಿನ ಗಾಳಿ ಆಗ್ನೇಯದಿಂದ ಬೀಸುತ್ತದೆ, ಬೂದಿಯನ್ನೂ ಹೊತ್ತು ತರುತ್ತದೆ. ಇಲ್ಲಿ ಎಷ್ಟೋ ಮನೆಗಳಲ್ಲಿ ಮಾಡಿನ ಮಳೆನೀರನ್ನೇ ಟ್ಯಾಂಕಿಗೆ ಹಿಡಿದು ಕುಡಿಯುತ್ತಾರೆ. ಮಾಡಿನ ಮೇಲೆ ಬೂದಿ ಕೂತು ಮಳೆ ಬಂದರೆ ನೀರು ಹುಳಿಯಾಗುತ್ತದೆ, ಫ್ಲೋರೈಡೂ ಸೇರುತ್ತದೆ. ಬೂದಿ ಕಂಡ ದಿನ ಮೊದಲ ಕೆಲಸ ಟ್ಯಾಂಕಿನ ಪೈಪ್ ಬಿಡಿಸುವುದು.

ಮೊದಲ ವರ್ಷ ನನಗೆ ಇದು ಗೊತ್ತಿರಲಿಲ್ಲ. ಒಂದು ಬೆಳಿಗ್ಗೆ ಎದ್ದು ನೋಡಿದರೆ ಹಿತ್ತಲಿನ ಸೊಪ್ಪಿನ ತುಂಬ ಕಂದು ಚುಕ್ಕೆ, ಹಂಚಿನ ಮೇಲೆ ಸೀದ ರೊಟ್ಟಿಯ ಹಾಗೆ. ಬೆರಳಲ್ಲಿ ಉಜ್ಜಿದರೆ ಕರಕರ ಅನ್ನುತ್ತಿತ್ತು. ನಾನು ಅಳುತ್ತಾ ನಿಂತಿದ್ದೆ. ಪಕ್ಕದ ಮನೆಯಾಕೆ ಬಂದು, ಏನೂ ಮಾತಾಡದೆ, ಕೋಲಿನಿಂದ ಮಣ್ಣು ಕೆದಕಿ ಒಂದು ಕೆಸುವಿನ ಗಡ್ಡೆ ಕಿತ್ತು ನನ್ನ ಕೈಗಿಟ್ಟರು. ಮೇಲಿನದು ಹೋದರೂ ಒಳಗಿನದು ಇದೆ ಅಲ್ವಾ. 2015ರ ಮಾರ್ಚ್‌ನಲ್ಲಿ ಪ್ಯಾಮ್ ಚಂಡಮಾರುತ ಬಂದು ಬಾಳೆ, ಮಾಡು ಎಲ್ಲ ಹಾರಿಹೋದಾಗ ನಮ್ಮನ್ನು ಉಳಿಸಿದ್ದೂ ಆ ಗಡ್ಡೆಗಳೇ. ಆ ಪಕ್ಕದ ಮನೆಯಾಕೆಯನ್ನು ನಾನು ಇವತ್ತಿಗೂ ಆಂಟಿ ಅನ್ನುತ್ತೇನೆ. ಇಲ್ಲಿನ ಬಿಸ್ಲಾಮ ಭಾಷೆಯಲ್ಲೂ ಅದೇ ಮಾತು.

ಈಗ ನೆಲದ ವಿಷಯ. ಇದನ್ನು ಗಮನ ಕೊಟ್ಟು ಓದು. ಕುಕ್ ನೆಲ ತೋರಿಸಿ ಇದೇನು ಅಂತ ಕೇಳಿದನಂತೆ, ಇಲ್ಲಿಯವರು ಮಣ್ಣಿಗೆ ತಾವು ಅನ್ನುವ ಮಾತನ್ನೇ ಹೇಳಿದರಂತೆ. ಅದೇ ದ್ವೀಪದ ಹೆಸರಾಯ್ತು. 1980ರಲ್ಲಿ ದೇಶ ಸ್ವತಂತ್ರವಾದಾಗ ಸಂವಿಧಾನದಲ್ಲೇ ಬರೆದರು, ನೆಲವೆಲ್ಲ ಮೂಲ ನಿವಾಸಿ ಒಡೆಯರದ್ದು ಅಂತ. ನಾವು ಹೊರಗಿನವರು ಲೀಸ್ ಪಡೆಯಬಹುದು, ಕೊಳ್ಳಲು ಆಗುವುದಿಲ್ಲ. ಖಾಲಿ ಕಂಡ ಕಡಲತೀರಕ್ಕೂ ಒಡೆಯರಿದ್ದಾರೆ. ಬಂದ ಹೊಸತರಲ್ಲಿ ದಾರಿಯಲ್ಲಿ ಬಿದ್ದಿದ್ದ ತೆಂಗಿನಕಾಯಿ ಎತ್ತಿಕೊಂಡು ಬಂದಿದ್ದೆ. ಸಂಜೆ ಒಬ್ಬ ಹಿರಿಯರು ಮನೆ ಮುಂದೆ ನಿಂತರು. ಬೈಯಲಿಲ್ಲ. ಆ ಮರ ಯಾರು ನೆಟ್ಟಿದ್ದು, ಯಾವ ಮಗುವಿಗಾಗಿ ನೆಟ್ಟಿದ್ದು ಅಂತ ಹೇಳಿದರು. ಆಮೇಲೆ ಕೇಳದೆ ಒಂದು ಸೌದೆ ತುಂಡನ್ನೂ ನಾನು ಮುಟ್ಟಿಲ್ಲ. ಕೇಳಿದರೆ ಇಲ್ಲ ಅಂದವರೂ ಇಲ್ಲ.

ಇಷ್ಟು ಸಣ್ಣ ದ್ವೀಪದಲ್ಲಿ ಐದು ಭಾಷೆಗಳಿವೆ. ಎಲ್ಲರಿಗೂ ಬರುವುದು ಬಿಸ್ಲಾಮ. ಮೂರು ತಿಂಗಳಲ್ಲಿ ಬಾಯಿಗೆ ಬರುತ್ತದೆ, ಹೆದರಬೇಡ. ದಾರಿಯಲ್ಲಿ ಸಿಕ್ಕವರೆಲ್ಲ ‘ಯು ಗೋ ವೇರ್?’ ಅಂತ ಕೇಳುತ್ತಾರೆ. ಇವರಿಗ್ಯಾಕೆ ನನ್ನ ವಿಷಯ ಅಂತ ಅಂದುಕೊಳ್ಳಬೇಡ. ನಮ್ಮೂರಲ್ಲಿ ‘ಎಲ್ಲಿಗೆ ಹೊರಟ್ರಿ?’ ಅನ್ನುತ್ತಾರಲ್ಲ, ಅಷ್ಟೇ. ಮಗಳ ಶಾಲೆ ಮಾತ್ರ ನೋಡಿ ಸೇರಿಸು. ಬ್ರಿಟಿಷರೂ ಫ್ರೆಂಚರೂ ಒಟ್ಟಿಗೆ ಆಳಿದ ದೇಶ ಇದು. ಕೆಲವು ಶಾಲೆಗಳಲ್ಲಿ ಇಂಗ್ಲಿಷ್, ಕೆಲವದರಲ್ಲಿ ಫ್ರೆಂಚ್.

ಸಂಜೆ ಹೊತ್ತು ಗಂಡಸರು ಆಲದ ಜಾತಿಯ ದೊಡ್ಡ ಮರಗಳ ಕೆಳಗೆ ಕಾವಾ ಕುಡಿಯಲು ಸೇರುತ್ತಾರೆ. ಕಾವಾ ಅಂದರೆ ಒಂದು ಗಿಡದ ಬೇರಿನಿಂದ ಮಾಡುವ ಮತ್ತು ತರುವ ಪಾನೀಯ. ಆ ಬಯಲಿಗೆ ನಕಮಾಲ್ ಅಂತ ಹೆಸರು. ಆ ಹೊತ್ತಿಗೆ ಹೆಂಗಸರು ಅಲ್ಲಿ ಕಾಲಿಡುವಂತಿಲ್ಲ. ನನಗೆ ಇದು ಈಗಲೂ ಸರಿ ಅನ್ನಿಸಿಲ್ಲ. ಆದರೂ ಸುತ್ತು ಬಳಸಿ ಹೋಗುತ್ತೇನೆ, ನೀನೂ ಹಾಗೇ ಮಾಡು. ಇನ್ನೊಂದು ಮಾತು, ಜಾನ್ ಫ್ರಮ್ ಅನ್ನುವವನು ಮರಳಿ ಬರುತ್ತಾನೆ ಅಂತ ನಂಬುವ ಇಲ್ಲಿನ ಪಂಥದ ವಿಡಿಯೊ ನೋಡಿ ನಕ್ಕು ಬರಬೇಡ. ಚರ್ಚಿನವರು ಕಾವಾ, ಕುಣಿತ ಎಲ್ಲ ಬಿಡಿಸಿದಾಗ, ತಮ್ಮದನ್ನು ವಾಪಸ್ ಪಡೆಯಲು ಇವರು ಹಿಡಿದ ದಾರಿ ಅದು. ಫೆಬ್ರವರಿ 15ಕ್ಕೆ ಇವತ್ತಿಗೂ ಬಾವುಟ ಏರಿಸುತ್ತಾರೆ. ಅವರಿಗೆ ಅದು ದೇವರ ಕೆಲಸ.

ಅಡುಗೆಯ ಚಿಂತೆ ಬೇಡ. ಅಂಗಡಿಯಲ್ಲಿ ಅಕ್ಕಿ ಸಿಗುತ್ತದೆ. ಕೆಸು, ಬಾಳೆ ತುರಿದು ತೆಂಗಿನಹಾಲು ಹಾಕಿ, ಎಲೆಯಲ್ಲಿ ಸುತ್ತಿ, ಕಾದ ಕಲ್ಲಿನ ಮೇಲೆ ಬೇಯಿಸುವ ಲಾಪ್‌ಲಾಪ್ ತಿಂದರೆ ನಿನಗೆ ಎಲೆ ಕಡುಬು ನೆನಪಾಗುತ್ತದೆ. ತೊಗರಿಬೇಳೆ, ಸಾರಿನಪುಡಿ ತಂದರೆ ಇಳಿದ ಕೂಡಲೇ ಅಧಿಕಾರಿಗಳಿಗೆ ತೋರಿಸು. ಗಿಡ, ಬೀಜ, ಮಣ್ಣು ಅಂಟಿದ ಚಪ್ಪಲಿ ತರಬೇಡ.

ಬರುವ ದಿನ ತಿಳಿಸು. ಆಂಟಿಗೆ ಆಗಲೇ ಹೇಳಿದ್ದೇನೆ. ಸಣ್ಣ ಹುಡುಗಿ ಬರುತ್ತಾಳೆ ಅಂದಿದ್ದಕ್ಕೆ ನಿಮ್ಮ ಮನೆಯ ಹಿಂದೆ ಬಾಳೆ ನೆಡಲು ನೆಲದ ಒಡೆಯರನ್ನು ಕೇಳಿ ಬಂದಿದ್ದಾರೆ.