ಉಳಿಸಿದ ಹಣ ಅಸಲಿಗೆ ಸೇರಿತೇ?

ಓದುಗರ ಪ್ರಶ್ನೆ, ತಜ್ಞರ ಉತ್ತರ: ಈ ಸಲ ಗೃಹಸಾಲ ಬೇಗ ತೀರಿಸುವ ಬಗ್ಗೆ

ಪ್ರಶ್ನೆ: ಕಳೆದ ವರ್ಷ 30 ಲಕ್ಷ ಗೃಹಸಾಲ ತೆಗೆದೆವು. ಬಡ್ಡಿ ಶೇ 8.5, ಅವಧಿ 20 ವರ್ಷ, ಕಂತು 26,035 ರೂಪಾಯಿ. ಹನ್ನೆರಡು ಕಂತು ಕಟ್ಟಿಯೂ ಬಾಕಿ 29.40 ಲಕ್ಷ ತೋರಿಸುತ್ತಿದೆ. ಲೆಕ್ಕ ತಪ್ಪಿದೆಯೇ? ಮನೆಖರ್ಚಿನಲ್ಲಿ ತಿಂಗಳಿಗೆ 3,000 ಉಳಿಸಬಹುದು. ಅಷ್ಟರಲ್ಲಿ ಏನಾದೀತು?
– ಓದುಗರು, ತುಮಕೂರು

ಉತ್ತರ: ಲೆಕ್ಕ ಸರಿಯಾಗಿಯೇ ಇದೆ. 30 ಲಕ್ಷಕ್ಕೆ ಮೊದಲ ತಿಂಗಳ ಬಡ್ಡಿಯೇ 21,250. ಆ ಕಂತಿನಲ್ಲಿ ಅಸಲಿಗೆ ಹೋದದ್ದು 4,785 ಮಾತ್ರ. ವರ್ಷವಿಡೀ 3.12 ಲಕ್ಷ ಕಟ್ಟಿದರೂ ಅಸಲು ಕರಗಿದ್ದು 60 ಸಾವಿರದೊಳಗೆ. ಹಾಗಾಗಿಯೇ ಈಗ ಕಟ್ಟುವ ಹೆಚ್ಚುವರಿ ರೂಪಾಯಿಗೆ ಬಲ ಜಾಸ್ತಿ.

ಈ ತಿಂಗಳಿನಿಂದ 3,000 ಸೇರಿಸಿ 29,035 ಕಟ್ಟುತ್ತಾ ಹೋದರೆ ಉಳಿದಿರುವ 228 ಕಂತು 179ಕ್ಕೆ ಇಳಿಯುತ್ತದೆ. ನಾಲ್ಕು ವರ್ಷ ಒಂದು ತಿಂಗಳು ಮೊದಲೇ ಸಾಲ ಮುಗಿಯುತ್ತದೆ, ಬಡ್ಡಿಯಲ್ಲಿ ಸುಮಾರು 7.4 ಲಕ್ಷ ಉಳಿಯುತ್ತದೆ. ಬೋನಸ್ಸೋ ಅಡಿಕೆ ಮಾರಿದ ದುಡ್ಡೋ ಕೈಗೆ ಬಂದು ಒಂದೇ ಸಲಕ್ಕೆ 1 ಲಕ್ಷ ಕಟ್ಟಿದರೆ 18 ಕಂತು ಕಡಿಮೆಯಾಗಿ 3.7 ಲಕ್ಷ ಬಡ್ಡಿ ತಪ್ಪುತ್ತದೆ. ಅದೇ ಲಕ್ಷವನ್ನು ಹದಿನೈದನೇ ವರ್ಷ ಮುಗಿದ ಮೇಲೆ ಕಟ್ಟಿದರೆ ತಪ್ಪುವ ಬಡ್ಡಿ ಸುಮಾರು 50 ಸಾವಿರ.

ಹಣ ಕಟ್ಟಿದ ಮೇಲೆ ಎಡವಟ್ಟಾಗುವುದು ಎರಡು ಕಡೆ. ಒಂದು, ಹೆಚ್ಚುವರಿ ಹಣ ಅಸಲಿಗೆ ಕಳೆಯದೆ ‘ಮುಂಗಡ ಕಂತು’ ಎಂದು ಖಾತೆಯಲ್ಲೇ ಕೂತುಬಿಡುತ್ತದೆ. ಎರಡು, ಬ್ಯಾಂಕಿನವರು ಅವಧಿ ಹಾಗೇ ಬಿಟ್ಟು ಕಂತು ಇಳಿಸುತ್ತಾರೆ. ಮೇಲಿನ 1 ಲಕ್ಷಕ್ಕೆ ಕಂತು ಇಳಿಸಿದರೆ ತಿಂಗಳಿಗೆ 885 ರೂಪಾಯಿ ಹಗುರ ಎನಿಸುತ್ತದೆ, ಆದರೆ 19 ವರ್ಷದಲ್ಲಿ ಉಳಿಯುವ ಬಡ್ಡಿ ಸುಮಾರು 1 ಲಕ್ಷ ಅಷ್ಟೆ. 3.7 ಲಕ್ಷ ಎಲ್ಲಿ, 1 ಲಕ್ಷ ಎಲ್ಲಿ! ಆದ್ದರಿಂದ ‘ಪಾರ್ಟ್ ಪೇಮೆಂಟ್, ಅಸಲಿಗೆ ಜಮಾ ಮಾಡಿ, ಕಂತು ಅಷ್ಟೇ ಇರಲಿ, ಅವಧಿ ಇಳಿಸಿ’ ಎಂದು ಬರೆದು ಕೊಡಿ, ಸ್ವೀಕೃತಿ ಪಡೆಯಿರಿ. ಮುಂದಿನ ತಿಂಗಳ ಸ್ಟೇಟ್‌ಮೆಂಟ್‌ನಲ್ಲಿ ಅಸಲಿನ ಬಾಕಿ ಮತ್ತು ಉಳಿದ ಕಂತುಗಳ ಸಂಖ್ಯೆ, ಎರಡೂ ಇಳಿದಿವೆಯೇ ನೋಡಿ. ಬದಲಾಗುವ ಬಡ್ಡಿದರದ ವೈಯಕ್ತಿಕ ಗೃಹಸಾಲಕ್ಕೆ ಮುಂಚಿತವಾಗಿ ಕಟ್ಟಿದರೂ ದಂಡ ಹಾಕುವಂತಿಲ್ಲ. ಸ್ಥಿರ ದರದ ಸಾಲವಾದರೆ ಮೊದಲು ಕರಾರುಪತ್ರ ಓದಿ.

ಪ್ರಶ್ನೆ: ನಮ್ಮ ಮನೆಯಲ್ಲಿ ನಾಲ್ಕು ಜನ. ಎಲ್ಲಿ ಕತ್ತರಿ ಹಾಕುವುದು? ಹಾಲು, ತರಕಾರಿ ಕಡಿಮೆ ಮಾಡಿ ಎನ್ನುತ್ತಾರೆ ಯಜಮಾನರು.
– ಗೃಹಿಣಿ, ಹುಬ್ಬಳ್ಳಿ

ಉತ್ತರ: ಹಾಲು, ತರಕಾರಿಯನ್ನು ಮುಟ್ಟಬೇಡಿ. ಅಲ್ಲಿ ಉಳಿಯುವುದು ಅಲ್ಪ, ಮನೆಯಲ್ಲಿ ಜಗಳ ಮಾತ್ರ ಗ್ಯಾರಂಟಿ. ಯೋಜನೆ ಮುರಿದು ಬೀಳುವುದು ವರ್ಷಕ್ಕೊಮ್ಮೆ ಬರುವ ಖರ್ಚಿನಿಂದ. ಮೊದಲು ಅದನ್ನು ಹಿಡಿಯಿರಿ. ಉದಾಹರಣೆಗೆ ಶಾಲಾ ಶುಲ್ಕ 36,000, ಆರೋಗ್ಯ ವಿಮೆ 18,000, ಬೈಕಿನ ವಿಮೆ 2,000, ಗೌರಿ-ಗಣೇಶ ಮತ್ತು ದೀಪಾವಳಿಯ ಬಟ್ಟೆಬರೆ 16,000. ಒಟ್ಟು 72,000, ಅಂದರೆ ತಿಂಗಳಿಗೆ 6,000. ಸಂಬಳ ಬಂದ ಮರುದಿನವೇ ಇಷ್ಟು ಆರ್‌ಡಿಗೆ ಹೋಗಲಿ. ಇಲ್ಲದಿದ್ದರೆ ಜೂನ್‌ನಲ್ಲಿ ಶಾಲೆಯ ಫೀಸಿಗೆ ಕ್ರೆಡಿಟ್ ಕಾರ್ಡ್ ಉಜ್ಜಬೇಕಾಗುತ್ತದೆ. ಅದರ ಬಾಕಿಗೆ ತಿಂಗಳಿಗೆ ಶೇ 3.5 ಬಡ್ಡಿ ಬಿದ್ದರೆ ವರ್ಷಕ್ಕೆ ಶೇ 42 ಆಯಿತು. ಒಂದು ಕಡೆ ಶೇ 8.5ರ ಸಾಲ ತೀರಿಸುತ್ತಾ ಇನ್ನೊಂದು ಕಡೆ ಶೇ 42ರ ಸಾಲ ಬೆಳೆಸಿದಂತೆ.

ಆಮೇಲೆ ಕರೆಂಟು. ಗೃಹಜ್ಯೋತಿಯಲ್ಲಿ ನಿಮಗೆ ನಿಗದಿಯಾದ ಮಿತಿ ದಾಟಿದರೆ ಹೆಚ್ಚುವರಿ ಯೂನಿಟ್‌ಗೆ ಮಾತ್ರ ಹಣ ಕಟ್ಟಬೇಕು. ಆದರೆ 200 ಯೂನಿಟ್ ದಾಟಿತೋ, ಪೂರ್ತಿ ಬಿಲ್ ನಿಮ್ಮದೇ. ರೀಡಿಂಗ್ ತೆಗೆದ ದಿನದಿಂದ ಇಪ್ಪತ್ತನೇ ದಿನ ನೀವೇ ಮೀಟರ್ ನೋಡಿ. 130 ಯೂನಿಟ್ ಮೀರಿದ್ದರೆ ಉಳಿದ ಹತ್ತು ದಿನ ಗೀಸರ್, ಇಸ್ತ್ರಿಪೆಟ್ಟಿಗೆಯ ಮೇಲೆ ಹಿಡಿತವಿರಲಿ. ಹಳೆಯ ಸೀಲಿಂಗ್ ಫ್ಯಾನ್ 75 ವಾಟ್ ಎಳೆಯುತ್ತದೆ, ಕಡಿಮೆ ಕರೆಂಟು ಎಳೆಯುವ ಮೋಟಾರಿನ ಬಿಎಲ್‌ಡಿಸಿ ಫ್ಯಾನ್ 28ರಿಂದ 30 ವಾಟ್. ದಿನಕ್ಕೆ 12 ಗಂಟೆ ತಿರುಗಿದರೆ ಒಂದು ಫ್ಯಾನಿಗೆ ತಿಂಗಳಿಗೆ 16 ಯೂನಿಟ್ ಉಳಿತಾಯ. ಮೂರು ಫ್ಯಾನ್ ಬದಲಿಸಿದರೆ 48 ಯೂನಿಟ್. 200ರ ಗಡಿಯಲ್ಲಿ ತೂಗಾಡುವ ಮನೆಗೆ ಇದು ದೊಡ್ಡ ಮಾತು. ತಿಂಗಳಿಗೆ 90 ಯೂನಿಟ್ ಸುಡುವ ಮನೆಗೆ ಅಷ್ಟೇನೂ ಅಲ್ಲ, ಫ್ಯಾನ್ ಕೆಟ್ಟಾಗ ಬದಲಿಸಿದರಾಯಿತು.

ಗ್ಯಾಸ್ ವಿಷಯ: ಸಿಲಿಂಡರ್ ಹಾಕಿದ ದಿನಾಂಕವನ್ನು ಅದರ ಮೇಲೇ ಸೀಮೆಸುಣ್ಣದಲ್ಲಿ ಬರೆಯಿರಿ. ಬೇಳೆಯನ್ನು ಅರ್ಧ ಗಂಟೆ, ಕಡಲೆ, ಹೆಸರುಕಾಳನ್ನು ರಾತ್ರಿಯೇ ನೆನೆಸಿ. ಕುಕ್ಕರ್ ಮೊದಲ ಸೀಟಿ ಹೊಡೆದ ಕೂಡಲೇ ಉರಿ ಸಣ್ಣ ಮಾಡಿ. ಅಡುಗೆ ಅಷ್ಟೇ ಇದ್ದೂ ಸಿಲಿಂಡರ್ ನಾಲ್ಕೈದು ದಿನ ಮೊದಲೇ ಮುಗಿದರೆ ಉರಿಯ ಬಣ್ಣ ನೋಡಿ. ಹಳದಿಯಾಗಿದ್ದು ಪಾತ್ರೆಯ ತಳ ಕಪ್ಪಾಗುತ್ತಿದ್ದರೆ ಬರ್ನರಿನ ತೂತು ಕಟ್ಟಿದೆ, ಬಿಚ್ಚಿ ಪಿನ್ನಿನಿಂದ ಸ್ವಚ್ಛ ಮಾಡಿ. ಟ್ಯೂಬಿನ ಜೋಡಣೆಗೆ ಸೋಪಿನ ನೀರು ಹಚ್ಚಿ, ಗುಳ್ಳೆ ಬಂದರೆ ರೆಗ್ಯುಲೇಟರ್ ಆಫ್ ಮಾಡಿ ಏಜೆನ್ಸಿಗೆ ಫೋನ್ ಮಾಡಿ.

ಇವೆಲ್ಲದರಿಂದ ಉಳಿದದ್ದು ಉಳಿತಾಯ ಖಾತೆಯಲ್ಲೇ ಇದ್ದರೆ ಇನ್ನೊಂದು ಆನ್‌ಲೈನ್ ಸೇಲ್ ಬರುವಷ್ಟರಲ್ಲಿ ಮಾಯ. ಕಂತು ಕಡಿತವಾಗುವ ದಿನವೇ ಸಾಲದ ಖಾತೆಗೆ ಹಾಕಿಬಿಡಿ.

ಪ್ರಶ್ನೆ: 2 ಲಕ್ಷದ 20 ತಿಂಗಳ ಚೀಟಿ ಹಾಕಿ, ಮೂರನೇ ತಿಂಗಳೇ ಎತ್ತಿ ಸಾಲಕ್ಕೆ ಕಟ್ಟಿದರೆ ಹೇಗೆ? ಪಿಎಫ್ ತೆಗೆಯಬಹುದೇ?
– ಓದುಗರು, ಮಂಡ್ಯ

ಉತ್ತರ: ಮೂರನೇ ತಿಂಗಳು ಕೂಗಿ ಎತ್ತಲು 40,000 ಬಿಟ್ಟುಕೊಟ್ಟಿರಿ ಎನ್ನೋಣ, ಕೈಗೆ 1.60 ಲಕ್ಷ. ಅದನ್ನು ಸಾಲಕ್ಕೆ ಕಟ್ಟಿದರೆ ಉಳಿದ 17 ತಿಂಗಳಲ್ಲಿ ತಪ್ಪುವ ಬಡ್ಡಿ ಸುಮಾರು 19,000. ಚೀಟಿಯ ತಿಂಗಳ ಕಂತು 10,000ವನ್ನೇ ತಿಂಗಳು ತಿಂಗಳು ನೇರ ಸಾಲಕ್ಕೆ ಕಟ್ಟಿದ್ದರೆ ಇದರಲ್ಲಿ ಅರ್ಧದಷ್ಟು ಹೇಗೂ ತಪ್ಪುತ್ತಿತ್ತು. ಚೀಟಿ ಎತ್ತುವವರು ಬಿಟ್ಟುಕೊಟ್ಟ ಹಣದಲ್ಲಿ ನಿಮ್ಮ ಪಾಲು, ಅಂದರೆ ಡಿವಿಡೆಂಡ್, ಎಂದು 15,000 ವಾಪಸ್ ಬಂದರೂ ನಷ್ಟವೇ. ಚೀಟಿ ಹಾಕಲೇಬೇಕೆಂದಿದ್ದರೆ ಕೊನೆಯ ತಿಂಗಳುಗಳವರೆಗೆ ತಡೆದು ಎತ್ತಿ, ಅದೂ ನೋಂದಾಯಿತ ಚೀಟಿಯಾದರೆ ಮಾತ್ರ.

ಪಿಎಫ್ ಬೇಡ. 2024-25ಕ್ಕೆ ಅದರ ಬಡ್ಡಿ ಶೇ 8.25. ಶೇ 8.5ರ ಸಾಲ ತೀರಿಸಲು ಅದನ್ನು ಒಡೆದರೆ ಸಿಗುವುದು ಕಾಲು ಪರ್ಸೆಂಟ್, ಹೋಗುವುದು ವೃದ್ಧಾಪ್ಯದ ಗಂಟು. ಕಂತೂ ಸೇರಿ ಆರು ತಿಂಗಳ ಖರ್ಚು ಎಫ್‌ಡಿಯಲ್ಲಿರಲಿ. ಅಸಲಿಗೆ ಒಮ್ಮೆ ಕಟ್ಟಿದ ಹಣವನ್ನು ಆಸ್ಪತ್ರೆ ಖರ್ಚು ಬಂತೆಂದು ಸಾಮಾನ್ಯ ಗೃಹಸಾಲದಿಂದ ಮರಳಿ ಪಡೆಯಲಾಗದು.

ಪ್ರಶ್ನೆ: ರೆಪೊ ದರ ಇಳಿದರೂ ನಮ್ಮ ಬಡ್ಡಿ ಇಳಿದಿಲ್ಲವಲ್ಲ?
– ಓದುಗರು, ಕಲಬುರಗಿ

ಉತ್ತರ: ರೆಪೊ ಎಂದರೆ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿದರ. 2025ರ ಫೆಬ್ರುವರಿಯಿಂದ ಜೂನ್ ಒಳಗೆ ಅದು ಶೇ 6.5ರಿಂದ 5.5ಕ್ಕೆ ಇಳಿಯಿತು. 2019ರ ಅಕ್ಟೋಬರ್ ನಂತರ ಬ್ಯಾಂಕಿನಿಂದ ಪಡೆದ, ಬದಲಾಗುವ ದರದ ಗೃಹಸಾಲ ಹೊರಗಿನ ಮಾನದಂಡಕ್ಕೆ, ಹೆಚ್ಚಾಗಿ ರೆಪೊಗೆ, ಜೋಡಣೆಯಾಗಿರುತ್ತದೆ. ಮೂರು ತಿಂಗಳಿಗೊಮ್ಮೆಯಾದರೂ ಮರುಹೊಂದಾಣಿಕೆ ಆಗಬೇಕು. ನಿಮ್ಮದು ಅದಕ್ಕೂ ಹಳೆಯ ಎಂಸಿಎಲ್‌ಆರ್ (ಬ್ಯಾಂಕ್ ತನ್ನ ವೆಚ್ಚದ ಮೇಲೆ ತಾನೇ ನಿಗದಿ ಮಾಡುವ ದರ) ಸಾಲವಾಗಿದ್ದರೆ ರೆಪೊ ದರಕ್ಕೆ ಬದಲಿಸಲು ಅರ್ಜಿ ಕೊಡಿ, ಶುಲ್ಕ ಎಷ್ಟೆಂದು ಮೊದಲೇ ಕೇಳಿ. ಬಡ್ಡಿ ಇಳಿದಾಗಲೂ ಹಳೆಯ ಕಂತನ್ನೇ ಉಳಿಸಿಕೊಳ್ಳಿ.

ಪ್ರಶ್ನೆ: ಮುಂದಿನ ತಿಂಗಳು ಸಾಲ ಪೂರ್ತಿ ಮುಗಿಸುತ್ತಿದ್ದೇವೆ. ಏನೇನು ಕಾಗದ ಪಡೆಯಬೇಕು?
– ನಿವೃತ್ತ ಶಿಕ್ಷಕರು, ಶಿವಮೊಗ್ಗ

ಉತ್ತರ: ಕಟ್ಟುವ ದಿನದವರೆಗಿನ ಬಡ್ಡಿ ಸೇರಿಸಿದ ಮೊತ್ತವನ್ನು ಬರಹದಲ್ಲಿ ಪಡೆಯಿರಿ. ನೂರಿನ್ನೂರು ರೂಪಾಯಿ ಬಾಕಿ ಉಳಿದರೂ ಖಾತೆ ಮುಚ್ಚುವುದಿಲ್ಲ. ಕಟ್ಟಿದ ಮೇಲೆ ‘ಬಾಕಿ ಇಲ್ಲ’ ಪತ್ರ ಬೇಕು. ಸಾಲ ಕೊಡುವಾಗ ಬ್ಯಾಂಕ್ ಕೊಟ್ಟ ದಾಖಲೆಗಳ ಪಟ್ಟಿ ಕೈಯಲ್ಲಿ ಹಿಡಿದು ಮೂಲ ಕ್ರಯಪತ್ರ, ಹಿಂದಿನ ಪತ್ರಗಳು, ಖಾತಾ ಪ್ರತಿ ಒಂದೊಂದನ್ನೇ ತಾಳೆ ನೋಡಿ. ಪುಟಗಳನ್ನೂ ಎಣಿಸಿ. ಸಾಲ ತೀರಿದ 30 ದಿನದೊಳಗೆ ಮೂಲ ದಾಖಲೆ ಮರಳಿಸಬೇಕು, ಬ್ಯಾಂಕಿನ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂಬ ರಿಸರ್ವ್ ಬ್ಯಾಂಕ್ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ.

ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಸಾಲ ತೆಗೆಯುವಾಗ ಉಪನೋಂದಣಿ ಕಚೇರಿಯಲ್ಲಿ ಹಕ್ಕುಪತ್ರ ಠೇವಣಿಯ ಪತ್ರ (ಮನೆಯ ಪತ್ರಗಳನ್ನು ಬ್ಯಾಂಕಿನಲ್ಲಿ ಅಡವಿಟ್ಟಿದ್ದಕ್ಕೆ ದಾಖಲೆ) ನೋಂದಣಿಯಾಗಿದ್ದರೆ ಅದರ ಋಣಮುಕ್ತಿ ಪತ್ರವನ್ನೂ ಬ್ಯಾಂಕಿನಿಂದ ಬರೆಸಿ ನೋಂದಣಿ ಮಾಡಿಸಬೇಕು. ಕೆಲ ದಿನ ಬಿಟ್ಟು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಋಣಭಾರ ಪತ್ರ (ಇಸಿ) ತೆಗೆದು ಋಣಮುಕ್ತಿಯ ನಮೂದು ಬಂದಿದೆಯೇ ನೋಡಿ. ಬಂದಿಲ್ಲದಿದ್ದರೆ ನಾಳೆ ಮಕ್ಕಳು ಮನೆ ಮಾರಲು ಹೋದಾಗ ಕೊಳ್ಳುವವರ ವಕೀಲರು ಅಲ್ಲೇ ತಡೆಯುತ್ತಾರೆ. ಸಾಲದ ಜೊತೆ ಒಂದೇ ಕಂತಿನ ಜೀವವಿಮೆ ಮಾಡಿಸಿದ್ದರೆ ಉಳಿದ ಅವಧಿಯ ಪ್ರೀಮಿಯಂ ಎಷ್ಟು ಮರಳುತ್ತದೆ ಎಂದು ವಿಮಾ ಕಂಪನಿಯನ್ನು ಕೇಳಿ. ಕಂತು ಕಡಿತದ ಸ್ವಯಂಚಾಲಿತ ಆದೇಶವನ್ನು ರದ್ದು ಮಾಡಿಸಲು ಮರೆಯಬೇಡಿ.