ಕನ್ನಡಕ್ಕೆ 1500 ವರ್ಷವೋ 2500 ವರ್ಷವೋ: ಚಾರ್ಟ್‌ಗೆ ಯಾವುದು ಹಾಕಬೇಕು?

ನಿಮ್ಮ ಮಗಳ ಶಾಲೆಯ "ಹಳೆಯ ಭಾಷೆಗಳು" ಚಾರ್ಟ್‌ಗೆ ನೋಡಿದ ಒಂದು ಪಟ್ಟಿಯಲ್ಲಿ ಕನ್ನಡಕ್ಕೆ 1500 ವರ್ಷ, ಇನ್ನೊಂದರಲ್ಲಿ 2500 ವರ್ಷ ಅಂತಿದೆ, ಯಾಕೆ ಅಂತ ಕೇಳಿದ್ದೀರಿ. ಎರಡು ಪಟ್ಟಿಗಳು ಎರಡು ಬೇರೆ ವಿಷಯ ಎಣಿಸಿರುವುದೇ ಬಹುಶಃ ಕಾರಣ. 1500 ಅನ್ನುವುದು ಸಿಕ್ಕಿರುವ ಶಾಸನದ ಲೆಕ್ಕ. 2500 ಅನ್ನುವುದು ಜನ ಮಾತಾಡಲು ಶುರು ಮಾಡಿರಬಹುದಾದ ಕಾಲದ ಅಂದಾಜು. ನನ್ನ ಮಗನ ಚಾರ್ಟ್‌ನಲ್ಲೂ ಇದೇ ಗೊಂದಲ ಆಗಿತ್ತು.

ಮೊದಲು ತಲೆಬರಹ ಬದಲಿಸಿ. "ಹಳೆಯ ಭಾಷೆಗಳು" ಬೇಡ, "ಇಂದೂ ಬಳಕೆಯಲ್ಲಿರುವ ಭಾಷೆಗಳ ಹಳೆಯ ಬರಹ" ಅಂತಿರಲಿ. ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಆಮೇಲೆ ಇಸವಿ ತುಂಬಿಸಿ. ಗ್ರೀಕ್‌ಗೆ ಲೀನಿಯರ್ ಬಿ ಎಂಬ ಹಳೆಯ ಲಿಪಿಯ ಮಣ್ಣಿನ ಹಲಗೆಗಳು, ಸುಮಾರು ಕ್ರಿ.ಪೂ. 1400. ಚೀನೀ ಭಾಷೆಗೆ ಚೀನಾದ ಆನ್‌ಯಾಂಗ್‌ನಲ್ಲಿ ಸಿಕ್ಕ ಮೂಳೆ, ಆಮೆಚಿಪ್ಪಿನ ಬರಹ, ಸುಮಾರು ಕ್ರಿ.ಪೂ. 1250. ತಮಿಳಿಗೆ ಬ್ರಾಹ್ಮಿ ಲಿಪಿಯ ಗುಹೆ ಶಾಸನಗಳು, ಕ್ರಿ.ಪೂ. 3-2ನೇ ಶತಮಾನ. ಇನ್ನೂ ಹಿಂದಿನವು ಅನ್ನುವ ವಿದ್ವಾಂಸರೂ ಇದ್ದಾರೆ.

ಕನ್ನಡಕ್ಕೆ ಹಲ್ಮಿಡಿ ಶಾಸನ, ಸುಮಾರು ಕ್ರಿ.ಶ. 450. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಶಾಸನವೊಂದು ಕ್ರಿ.ಶ. 370ರದ್ದು ಎಂಬ ವಾದವಿದೆ. ಇದಿನ್ನೂ ಎಲ್ಲರೂ ಒಪ್ಪಿದ ಮಾತಲ್ಲ, ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಹಾಕಿ. ಹಲ್ಮಿಡಿಯಲ್ಲಿರುವುದು ತೊದಲು ಮಾತಲ್ಲ, ಚೆನ್ನಾಗಿ ಬೆಳೆದ ಗದ್ಯ. ಅಂದ್ರೆ ಅದಕ್ಕಿಂತ ಎಷ್ಟೋ ಮೊದಲೇ ಜನ ಕನ್ನಡ ಮಾತಾಡುತ್ತಿದ್ದರು ಅಲ್ವಾ? ಈ ಸಾಲನ್ನು ಮಗಳು ತಪ್ಪದೆ ಬರೆಯಲಿ. ಅಂದಾಜಿನ 2500 ಬೇಡ.

ಸಂಸ್ಕೃತವನ್ನು ಬೇರೆ ಚೌಕದಲ್ಲಿಡಿ. ಋಗ್ವೇದ ಬಾಯಿಂದ ಬಾಯಿಗೆ ಬಂದದ್ದು. ಬರಹ ಅದಕ್ಕಿಂತ ತುಂಬಾ ಈಚಿನದು, ಹಾಗಾಗಿ ಒಂದೇ ಸಾಲಿಗೆ ಹೊಂದುವುದಿಲ್ಲ.

ಪ್ರತಿ ಇಸವಿಯ ಮುಂದೆ "ಸುಮಾರು" ಬರೆಸಿ. ಟೀಚರ್ ಕೇಳಿದರೆ ಶಾಸನದ ಹೆಸರು ಹೇಳಿದರೆ ಸಾಕು.