ಮುಳುಗಿದ ಊರಿನ ಮನಿಗೆ ಹೋಗೂಣ ಅಂತಾರ ಅತ್ತಿ

ಪ್ರಶ್ನೆ: ಅಕ್ಕಾರ, ನಮಸ್ಕಾರ್ರಿ. ನಾವು ಬಾಗಲಕೋಟಿ ನವನಗರದಾಗ ಇರತೀವಿ. ನಮ್ಮ ಅತ್ತಿಯವ್ರಿಗೆ 76 ವರ್ಷ, ಮರೆವಿನ ರೋಗ ಅಂತ ಡಾಕ್ಟರ್ ಹೇಳಿ ಎರಡು ವರ್ಷ ಆತು. ಹಗಲೆಲ್ಲಾ ಸುಮ್ನ ಕುಂತಿರತಾರ, ಹೊತ್ತು ಮುಳುಗೂ ಟೈಮಿಗೆ ಕೈಚೀಲದಾಗ ಎರಡು ಕುಬುಸ ತುಂಬ್ಕೊಂಡು ಬಾಗಿಲಿಗೆ ಬಂದು ನಿಂತು "ನಡೀ ಮನಿಗೆ ಹೋಗೂಣ, ದನಕ್ಕ ನೀರು ಕುಡಿಸೂದೈತಿ" ಅಂತಾರ. ಆ ಮನಿ ಎಲ್ಲೈತ್ರಿ, ಆಲಮಟ್ಟಿ ಹಿನ್ನೀರಾಗ ಊರಿಗೆ ಊರ ಮುಳುಗಿ 20 ವರ್ಷದ ಮ್ಯಾಲಾತು. ಹಂಗಂತ ಹೇಳಿದ್ರ ಅಳತಾರ, ಮರುದಿನ ಮತ್ತ ಅದ. ಹೋದ ವಾರ ನಂಗ ತಡಕೊಳ್ಳಾಕ ಆಗ್ಲಿಲ್ಲ, ರಟ್ಟಿ ಹಿಡದು ಜೋರಾಗಿ ಎಳದು ಕುಂಡ್ರಿಸಿದೆ, ಅವ್ರ ಕೈ ಮ್ಯಾಲ ನನ್ನ ಬೆರಳು ಮೂಡಿದ್ವು. ರಾತ್ರಿ ಪೂರ್ತಿ ನಿದ್ದಿ ಬರ್ಲಿಲ್ಲ. ನಮ್ಮನಿಯವ್ರು "ನೀ ಅದಿಯಲ್ಲ, ನಂಗೇನ್ ಚಿಂತಿ" ಅಂತಾರ, ನಾದಿನಿ ಹುಬ್ಬಳ್ಳಿಯಿಂದ ಫೋನ್ ಮಾಡಿ "ಅವ್ವಗ ಟೈಮಿಗೆ ಊಟ ಕೊಡು" ಅಂತ ಹೇಳಿ ಇಡತಾರ. ನಾ ಕೆಟ್ಟಾಕಿ ಆಗಾಕತ್ತೀನೇನ್ರಿ?
(ಹೆಸರು ಬ್ಯಾಡ, ಬಾಗಲಕೋಟಿ)

ಉತ್ತರ: ತಂಗಿ, ಆ ಬೆರಳಿನ ಗುರ್ತು ನೋಡಿ ರಾತ್ರಿಯೆಲ್ಲಾ ನಿದ್ದಿಗೆಟ್ಟಾಕಿ ಕೆಟ್ಟಾಕಿ ಅಲ್ಲ. ಆದ್ರ ರಟ್ಟಿ ಹಿಡದು ಎಳಿಯೂ ಮಟ್ಟಕ್ಕ ಬಂತಂದ್ರ ನಿನ್ನ ಕಡೆ ಇದ್ದ ತ್ರಾಣ ಎಲ್ಲಾ ಮುಗದೈತಿ ಅಂತ ತಿಳಕೋ, ಅದನ್ನ ಹಗುರ ತಗೋಬ್ಯಾಡ.

ಮೊದ್ಲ ಮನಿ ಮಾತು. ಅತ್ತಿ ಪಾಲಿಗೆ ಆ ಊರು ಮುಳುಗಿಲ್ಲವಾ. ಕಟ್ಟಿ ಮ್ಯಾಲ ಮಂದಿ ಕುಂತಾರ, ಗ್ವಾದಲ್ಯಾಗ ಮೇವು ಐತಿ, ದನ ಒದರಾಕತ್ತಾವ. ನೀ ದಿನಾ ಸಂಜಿಕ "ಮುಳುಗೇತಿ" ಅಂದ್ರ ಅವ್ರಿಗೆ ದಿನಾ ಹೊಸದಾಗಿ ಮನಿ ಹೋದಂಗ, ನಿನ್ನೆ ಅತ್ತದ್ದು ನೆನಪಿಲ್ಲ, ಆದ್ರ ಎದಿಯೊಳಗಿನ ಸಂಕಟ ಮಾತ್ರ ಹಂಗ ಉಳಿತೈತಿ. ಅದಕ್ಕ ತಿದ್ದಾಕ ಹೋಗಬ್ಯಾಡ. "ಹೌದ್ರಿ ಅತ್ತಿ, ಹೋಗೂಣ, ಚಾ ಕುಡದು ಹೋಗೂಣ, ಎಷ್ಟು ದನ ಇದ್ದುವ್ರಿ ನಿಮ್ಮ ಮನ್ಯಾಗ, ಯಾವ ಆಕಳ ಹಾಲು ಭಾಳ ಕೊಡತಿತ್ತು" ಅಂತ ಕೇಳ್ಕೊಂತ ಒಳಗ ಕರಕೊಂಡು ಬಾ. ಸುಳ್ಳು ಹೇಳಿದಂಗ ಆಗತೈತಿ ಅಂತ ನಿನಗ ಅನಸಬಹುದು, ನನಗೂ ಅನಸಿತ್ತು. ನಮ್ಮ ಅವ್ವಗೂ ಇದ ರೋಗ ಇತ್ತು, ವಿಜಾಪುರದಾಗ ನನ್ನ ಹತ್ರನ ಇದ್ದಳು, ದೀಪ ಹಚ್ಚೂ ಹೊತ್ತಿಗೆ ಹಾಸಿಗಿ ಮ್ಯಾಲ ಎರಡೂ ಕೈಲೆ ಪಟಪಟ ಬಡಿಯಾಕಿ, ನಾ ಕೈ ಹಿಡದು ಬೈತಿದ್ದೆ, ತಿಂಗಳಾದ ಮ್ಯಾಲ ಒಂದಿನ ತಿಳೀತು, ಆಕಿ ರೊಟ್ಟಿ ಬಡೀತಾಳ, ಗಂಡ ಹೊಲದಿಂದ ಬರೂ ಟೈಮಾಗೇತಿ ಅಂತ. ಅವತ್ತಿನಿಂದ ಪರಾತದಾಗ ಒಂದು ಮುಷ್ಟಿ ಜ್ವಾಳದ ಹಿಟ್ಟು ಕಲಸಿ ಮುಂದ ಇಟ್ಟೆ. ಅರ್ಧ ತಾಸು ನಾದತಿದ್ದಳು, ಬೆರಳ ಸಂದಿನ ಹಿಟ್ಟು ತಾನ ತಿಕ್ಕಿ ತಿಕ್ಕಿ ತಗದು, ಉಂಡಂಗ ಸಮಾಧಾನ ಆಗಿ ಮಲಗತಿದ್ದಳು. ನಿಮ್ಮ ಅತ್ತಿಗೂ ಸಂಜಿಕ ಕೈಗೆ ಏನರ ಕೆಲಸ ಕೊಡು, ಹೆಸರುಕಾಳು ಹಸನ ಮಾಡೂದು, ಮೆಂತ್ಯಾ ಸೊಪ್ಪು ಬಿಡಸೂದು, ಹಸನಾದ್ವೋ ಇಲ್ಲೋ ನೋಡಬ್ಯಾಡ.

ಕತ್ತಲಾಗೂ ಮೊದ್ಲ ಮನ್ಯಾಗಿನ ಲೈಟ್ ಎಲ್ಲಾ ಹಚ್ಚು, ನೆರಳು ಬೀಳೂ ಹೊತ್ತಿಗೇ ಈ ರೋಗದವ್ರಿಗೆ ದಿಗಿಲು ಹೆಚ್ಚಾಗತೈತಿ. ಬಾಗಿಲಿಗೆ ಮ್ಯಾಲ ಒಂದು ಚಿಲಕ ಹಾಕಸು. ಹೆಸರು, ಫೋನ್ ನಂಬರ್ ಬರದ ಒಂದು ಕಡಗ ಕೈಗೆ ಹಾಕು, ಓಣಿ ಕಿರಾಣಿ ಅಂಗಡಿಯವ್ರಿಗೂ ಆಟೋದವ್ರಿಗೂ ಹೇಳಿಡು, ಮುಚ್ಚಿಡೂದೇನೈತಿ ಇದ್ರಾಗ. ಎಂದರ ಒಮ್ಮಿಂದೊಮ್ಮೆಲೇ ಎರಡು ದಿನದಾಗ ಗೊಂದಲ ಜಾಸ್ತಿ ಆತಂದ್ರ ರೋಗ ಬೆಳೀತು ಅಂತ ಸುಮ್ನ ಕುಂಡ್ರಬ್ಯಾಡ, ವಯಸ್ಸಾದವ್ರಿಗೆ ಮೂತ್ರದ ಸೋಂಕಾದ್ರೂ ಹಿಂಗ ಆಗತೈತಿ, ಡಾಕ್ಟರ್‌ಗೆ ತೋರಸು. ಥೈರಾಯ್ಡ್, ಬಿ12 ರಕ್ತ ಪರೀಕ್ಷೆ ಆಗೇದೋ ಇಲ್ಲೋ ಕೇಳು. ಧಾರವಾಡದ ಡಿಮ್ಹಾನ್ಸ್, ಅಂದ್ರ ಮನಸ್ಸು-ನರರೋಗದ ಸರ್ಕಾರಿ ಆಸ್ಪತ್ರಿ, ನಿಮಗ ದೂರ ಅಲ್ಲ, ಒಮ್ಮೆ ಹೋಗಿ ಬರ್ರಿ. ನಿದ್ದಿ ಗುಳಿಗಿ ಮಾತ್ರ ನೀವ ಮೆಡಿಕಲ್ ಶಾಪಿನ್ಯಾಗ ತಂದು ಕೊಡಬ್ಯಾಡ್ರಿ, ತಲಿ ತಿರಗಿ ಬಿದ್ದು ಚಪ್ಪಿ ಮುರಕೊಂಡ್ರ ಮುಂದ ಹಾಸಿಗಿನ ಗತಿ.

ಇನ್ನ ನಿನ್ನ ಮಾತು. "ನೀ ಅದಿಯಲ್ಲ" ಅನ್ನೂದು ನಿನಗ ಹೊಗಳಿಕಿ ಅಲ್ಲ ತಂಗಿ, ನಿನ್ನ ಗಂಡ ಹೆತ್ತ ತಾಯಿ ಕೆಲಸದಿಂದ ಕೈ ತೊಳಕೊಂಡಂಗ. ಸಂಜಿ ಆರರಿಂದ ಎಂಟರ ತನಕ ಅವ್ವ ಅವ್ರ ಪಾಲು ಅಂತ ಹೇಳು, ನೀ ಆ ಟೈಮಿನ್ಯಾಗ ಮನ್ಯಾಗ ಇರಬ್ಯಾಡ, ಗುಡಿಗೆ ಹೋಗು, ಗೆಳತಿ ಮನಿಗೆ ಹೋಗು. ನಾದಿನಿಗೆ ಬುದ್ಧಿಮಾತು ಬ್ಯಾಡ, ದಿನ ಬೇಕು ಅಂತ ಹೇಳು, ಎರಡು ತಿಂಗಳಿಗೊಮ್ಮೆ ಬಂದು ಎಂಟು ದಿನ ಇರಲಿ. ಅವ್ರು ಬಂದಾಗ ನೀ ತವರುಮನಿಗೆ ಹೋಗಿಬಿಡು, ಅಡಿಗಿ ಮಾಡಿಕೊಂತ ಅಲ್ಲೇ ನಿಂತ್ರ ಏನೂ ಬದಲಾಗೂದಿಲ್ಲ. ಮತ್ತ ಕೈ ಎತ್ತೂ ಸಿಟ್ಟು ಬಂದ್ರ, ಅತ್ತಿ ಕುಂತ ಜಾಗ ಸುರಕ್ಷಿತ ಐತಿ ಅಂತ ನೋಡಿ ಹಿತ್ತಲಕ್ಕ ಹೋಗಿ ಮುಖಕ್ಕ ನೀರು ಹಾಕ್ಕೊ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮನಸ್ 14416ಕ್ಕ ಫೋನ್ ಮಾಡು, ದುಡ್ಡಿಲ್ಲ, ಕನ್ನಡದಾಗ ಮಾತಾಡತಾರ.

ಪ್ರಶ್ನೆ: ನಮ್ಮ ಅಪ್ಪಾರು ನಾಕು ವರ್ಷದ ಹಿಂದ ಹೊಲ ಎಲ್ಲಾ ಅಣ್ಣನ ಹೆಸರಿಗೆ ದಾನಪತ್ರ ಮಾಡಿದ್ರು. ಈಗ ಅಣ್ಣ ಊಟಕ್ಕೂ ಕೇಳೂದಿಲ್ಲ. ಏನ್ ಮಾಡೂಣ್ರಿ?
(ಅಥಣಿ ತಾಲೂಕಿನ ಓದುಗ)

ಉತ್ತರ: ತಮ್ಮಾ, ಹಿರಿಯ ನಾಗರಿಕರಿಗಂತ 2007ರ ಕಾಯ್ದೆ ಐತಿ. ನಿಮಗ ಚಿಕ್ಕೋಡಿ ಉಪವಿಭಾಗಾಧಿಕಾರಿ ಹತ್ರ ಅರ್ಜಿ ಹಾಕಬೇಕು, ತಿಂಗಳಿಗೆ 10,000 ರೂಪಾಯಿ ತನಕ ಜೀವನಾಂಶ ಕೊಡಸಬಹುದು. "ನನ್ನ ನೋಡ್ಕೋಬೇಕು" ಅನ್ನೂ ಷರತ್ತು ದಾನಪತ್ರದಾಗ ಬರದು ಇಟ್ಟಿದ್ರ ಆ ಕಾಯ್ದೆಯ 23ನೇ ಕಲಮಿನ ಪ್ರಕಾರ ಪತ್ರನ ರದ್ದು ಮಾಡಾಕ ಬರತೈತಿ, ಅದಕ್ಕ ಮೊದ್ಲ ಆ ಪತ್ರ ತಗದು ಓದ್ರಿ. ದಾರಿ ಕೇಳಾಕ ಹಿರಿಯರ ಸಹಾಯವಾಣಿ 14567 ಐತಿ. ಒಂದು ಮಾತು, ಮೊದ್ಲ ಅಪ್ಪಾರ ಹತ್ರ ಕುಂತು ಕೇಳ್ರಿ. ಮಗನ ಮ್ಯಾಲ ಅರ್ಜಿಗೆ ಸಹಿ ಹಾಕೂದು ಆ ವಯಸ್ಸಿನ್ಯಾಗ ಸಣ್ಣ ಸಂಕಟ ಅಲ್ಲ. ಒಲ್ಲೆ ಅಂದ್ರ ಒತ್ತಾಯ ಮಾಡಬ್ಯಾಡ್ರಿ, ಅರ್ಜಿ ಆಮ್ಯಾಲ ನೋಡೂಣ, ಇವತ್ತ ನಿಮ್ಮ ಮನಿಗೆ ಕರಕೊಂಡು ಬಂದು ಬಿಸಿ ರೊಟ್ಟಿ ಹಾಕ್ರಿ.